ಶಾಲೆಯ ಮೇಲೆ ಹೋದ ಮಣ್ಣು

ನೇತ್ರಾವತಿ ಹೊಳೆಯ ದಡದಲ್ಲಿ ಒಂದು ಹೆಂಚಿನ ಕಾರ್ಖಾನೆ ಇತ್ತು. ಅಲ್ಲಿ ಎಜ್ರಾ ಸೋನ್ಸ್ ಎಂಬ ಮೇಸ್ತ್ರಿ ಇದ್ದರು. ಊರಿಗೆಲ್ಲ ಅವರು ಎಜ್ರಣ್ಣ. ಬಹಳ ಒಳ್ಳೆಯ ಮನುಷ್ಯ. ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆ ಮುಗಿಯುವ ಹೊತ್ತಿಗೆ ನೀವು ಅವರನ್ನು ಬೈಯುತ್ತೀರಿ. ಬೈಯಿರಿ, ನಾನೇನೂ ತಡೆಯುವುದಿಲ್ಲ. ಆದರೆ ಒಳ್ಳೆಯ ಮನುಷ್ಯ ಎಂಬುದನ್ನು ಮರೆತು ಬೈಯಬೇಡಿ.

ಎಜ್ರಣ್ಣನಿಗೆ ಒಂದು ಅಭ್ಯಾಸ ಇತ್ತು. ಬಾಯಿಬಿಟ್ಟು ‘ಇಲ್ಲ’ ಎನ್ನಲು ಅವರಿಗೆ ಬರುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರು, ಕೊಡಲು ಇವರಿಗೆ ಮನಸ್ಸಿಲ್ಲ ಅಂತಿಟ್ಟುಕೊಳ್ಳಿ. ಆಗ ತಲೆ ಕೆರೆದುಕೊಂಡು, ಹಿತ್ತಲ ಕಡೆ ನೋಡುತ್ತಾ, “ನೋಡುವ” ಎನ್ನುವರು, ನೋಡೋಣ ಎನ್ನುವ ಹಾಗೆ. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಲು ಸಂಕಟ. ಹಿತ್ತಲಿಗೆ ಹೋಗಿ ಒಂದು ಹಲಸಿನಹಣ್ಣು ತಂದು ಅವರ ಕೈಯಲ್ಲಿ ಇಡುವರು.

ಒಮ್ಮೆ ಪಕ್ಕದ ಮನೆಯ ಲಾರೆನ್ಸರು ಬಂದು, “ಎಜ್ರಣ್ಣ, ನಿಮ್ಮ ಹಿತ್ತಲ ಬದಿಯಲ್ಲಿ ನಮ್ಮ ಕಾರಿಗೆ ಒಂದು ದಾರಿ ಬಿಟ್ಟುಕೊಡ್ತೀರಾ?” ಎಂದು ಕೇಳಿದರು.

“ನೋಡುವ ಲಾರೆನ್ಸರೇ,” ಎಂದರು ಎಜ್ರಣ್ಣ. ಹಲಸಿನಹಣ್ಣೂ ಕೊಟ್ಟರು.

ಲಾರೆನ್ಸರು ಹಣ್ಣು ಹೊತ್ತುಕೊಂಡು ಹೋದರು. ದಾರಿಯ ವಿಷಯ ಮತ್ತೆ ಎತ್ತಲಿಲ್ಲ. ಎಜ್ರಣ್ಣನ ಹೆಂಡತಿ ವಿನೋದಿನಿ ಬಾಯಿ ನಗುತ್ತಿದ್ದರು. “ನಮ್ಮ ಮನೆಯಿಂದ ಹಲಸಿನಹಣ್ಣು ಸಿಕ್ಕಿತು ಅಂದ್ರೆ ಬಂದ ಕೆಲಸ ಕೆಟ್ಟಿತು ಅಂತ ಊರಿಗೇ ಗೊತ್ತುಂಟು ಮಾರಾಯ್ರೆ. ಬಾಯಿ ಬಿಟ್ಟು ಇಲ್ಲ ಅಂದ್ರೆ ನಿಮ್ಮ ನಾಲಿಗೆ ಸವೆಯುತ್ತದಾ?”

“ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳುವುದು ವಿನ್ನಿ? ಅರ್ಥ ಆಗುವವರಿಗೆ ಆಗುತ್ತದೆ,” ಎನ್ನುವರು ಎಜ್ರಣ್ಣ. ಆ ಮಾತು ನಿಜವೇ. ಎಲ್ಲರಿಗೂ ಅರ್ಥ ಆಗುತ್ತಿತ್ತು.

ಎಜ್ರಣ್ಣನ ಕ್ರೈಸ್ತ ಸಭೆಯವರು ದೂರದ ಒಂದು ಹಳ್ಳಿಯ ಕೈ ಹಿಡಿದಿದ್ದರು. ಆಫ್ರಿಕಾ ಖಂಡದ ಟಾಂಜಾನಿಯಾ ದೇಶದಲ್ಲಿ, ಒಂದು ದೊಡ್ಡ ಸರೋವರದ ದಡದಲ್ಲಿ ಲುಪೊಂಡೆ ಎಂಬ ಹಳ್ಳಿ. ಅಲ್ಲಿ ಮಿಶನ್ನಿನವರ ಒಂದು ಪುಟ್ಟ ದೇವಾಲಯ, ಅದಕ್ಕೆ ಅಂಟಿಕೊಂಡ ಹಾಗೆ ಒಂದು ಶಾಲೆ. ಪ್ರತಿ ವರ್ಷ ಬೆಳೆಹಬ್ಬದ ದಿನ ನಮ್ಮವರು ಬಸಳೆ, ಕುಂಬಳಕಾಯಿ, ನಾಟಿ ಕೋಳಿ ಎಲ್ಲ ತಂದು ದೇವಾಲಯದ ಅಂಗಳದಲ್ಲಿ ಏಲಂ ಹಾಕುತ್ತಾರಲ್ಲ, ಅದರಲ್ಲಿ ಬಂದದ್ದು ಆ ಶಾಲೆಗೆ ಹೋಗುತ್ತಿತ್ತು. ಆಫ್ರಿಕಾ ಎಲ್ಲಿದೆ ಎಂದು ಗೊತ್ತಿಲ್ಲದ ಅಜ್ಜಿಯಂದಿರೂ ಲುಪೊಂಡೆಯ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದರು.

ಆ ಶಾಲೆಗೆ ಮಾಡಿನದ್ದೇ, ಅಂದರೆ ಛಾವಣಿಯದ್ದೇ ಕಷ್ಟ. ಮೊದಲು ಹುಲ್ಲಿನ ಮಾಡು ಇತ್ತು, ಸೋರುತ್ತಿತ್ತು. ಆಮೇಲೆ ಮಿಶನ್ನಿನವರು ತಗಡು ಹಾಕಿಸಿಕೊಟ್ಟರು. ಮಳೆ ಬಂದರೆ ತಗಡಿನ ಸದ್ದಿಗೆ ಮಾಸ್ತರರ ಮಾತು ಕೇಳುವುದಿಲ್ಲ. ಬಿಸಿಲು ಬಂದರೆ ಮಕ್ಕಳು ಒಳಗೆ ಬೇಯುತ್ತಾರೆ. ಒಂದು ವರ್ಷ ಸರೋವರದ ಕಡೆಯಿಂದ ಗಾಳಿ ಎದ್ದು ಅರ್ಧ ತಗಡನ್ನು ಎತ್ತಿಕೊಂಡೇ ಹೋಯಿತು.

ಅಷ್ಟು ಹೊತ್ತಿಗೆ ಇಲ್ಲಿ ನೇತ್ರಾವತಿಯ ದಡದ ಕಾರ್ಖಾನೆ ಮುಚ್ಚಿತು. ಎಜ್ರಣ್ಣ ಮನೆಯಲ್ಲಿ ಕೂತರು. ಸಭೆಯ ಪಾದ್ರಿ ಅಯ್ಯನವರು ಒಂದು ದಿನ ಮನೆಗೆ ಬಂದರು.

“ಎಜ್ರಣ್ಣ, ನೀವು ಲುಪೊಂಡೆಗೆ ಹೋಗಿ ಅವರಿಗೆ ಹೆಂಚು ಮಾಡಲು ಕಲಿಸುತ್ತೀರಾ? ಮಣ್ಣು ಅಲ್ಲಿಯೇ ಸಿಕ್ಕಿದರೆ ಮಾಡು ಅವರೇ ಮಾಡಿಕೊಂಡಾರು. ಯಾರ ಮುಂದೆಯೂ ಕೈ ಚಾಚುವುದು ಬೇಡ.”

ಎಜ್ರಣ್ಣ ತಲೆ ಕೆರೆದುಕೊಳ್ಳಲಿಲ್ಲ. “ಹೋಗ್ತೇನೆ ಅಯ್ಯನವರೇ,” ಎಂದರು, ಒಂದೇ ಮಾತಿಗೆ.

“ಹೋಗಿ ಬನ್ನಿ,” ಎಂದರು ವಿನೋದಿನಿ ಬಾಯಿ. “ಮನೆಯಲ್ಲಿ ಕೂತು ನನ್ನ ಸಾರಿಗೆ ಉಪ್ಪು ಹೆಚ್ಚು ಅನ್ನುವುದಕ್ಕಿಂತ ಅದು ಎಷ್ಟೋ ವಾಸಿ.” ಆಮೇಲೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡರು.

ಎಜ್ರಣ್ಣ ಕಾರ್ಖಾನೆಯಿಂದ ಹೆಂಚು ಒತ್ತುವ ಹಳೆಯ ಕೈ ಅಚ್ಚೊಂದನ್ನು ಕೇಳಿ ತೆಗೆದುಕೊಂಡು ಹೊರಟರು. ದಾರಿಯುದ್ದಕ್ಕೂ ಅವರದು ಒಂದೇ ಪ್ರಾರ್ಥನೆ. “ಕರ್ತನೇ, ನನಗೆ ಒಳ್ಳೆಯ ಮಣ್ಣು ತೋರಿಸು.”

ಲುಪೊಂಡೆಯವರು ಅವರನ್ನು ಹಾಡು ಹೇಳಿ ಬರಮಾಡಿಕೊಂಡರು. ಶಾಲೆಯ ಗ್ವಾಮಕ ಮಾಸ್ತರರಿಗೆ ಇಂಗ್ಲಿಷ್ ಬರುತ್ತಿತ್ತು. ಮೊದಮೊದಲು ಅವರೇ ಎಜ್ರಣ್ಣನಿಗೆ ಕಿವಿ, ಅವರೇ ಬಾಯಿ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅಜ್ಜನಿಗೆ ‘ಬಾಬು’ ಎನ್ನುತ್ತಾರೆ. ಮಕ್ಕಳು ಎಜ್ರಣ್ಣನನ್ನು ಬಾಬು, ಬಾಬು ಎಂದು ಕರೆದಾಗ ಅವರಿಗೆ ನಗೆಯೋ ನಗೆ. ನಮ್ಮಲ್ಲಿ ತೊಟ್ಟಿಲ ಮಗುವಿಗೆ ತಾನೇ ಬಾಬು ಎನ್ನುವುದು! “ಅರವತ್ತು ದಾಟಿದ ಮೇಲೆ ಬಾಬು ಆದೆ,” ಎಂದು ಮನೆಗೆ ಫೋನ್ ಮಾಡಿದಾಗ ಹೇಳಿದರು.

ಹಳ್ಳಿಯಲ್ಲಿ ಒಂದು ಸುತ್ತು ಹಾಕಿದರೋ ಇಲ್ಲವೋ, ಅವರ ಕಣ್ಣಿಗೆ ಬಿದ್ದದ್ದು ಮಡಕೆ. ಪ್ರತಿ ಮನೆಯ ಮುಂದೆ ಮಡಕೆ. ತೆಳ್ಳಗೆ, ದುಂಡಗೆ, ತಟ್ಟಿದರೆ ಟಣ್ ಎನ್ನುವ ಮಡಕೆಗಳು. ಚಕ್ರವಿಲ್ಲ, ಅಚ್ಚಿಲ್ಲ, ಹೆಂಗಸರು ಬರಿಗೈಯಲ್ಲಿ ತಟ್ಟಿ ಮಾಡುತ್ತಿದ್ದರು. ಅವರ ಗಂಡಂದಿರು ಅದನ್ನು ದೋಣಿಯಲ್ಲಿ ತುಂಬಿ ಸರೋವರದ ಆಚೆ ದಡದ ಸಂತೆಗೆ ಒಯ್ಯುತ್ತಿದ್ದರು. ಗದ್ದೆ ಗಂಡಸರದು, ದೋಣಿ ಗಂಡಸರದು. ಮಡಕೆ ಮಾತ್ರ ಹೆಂಗಸರದು.

ಎಜ್ರಣ್ಣ ಒಂದು ಮಡಕೆಯನ್ನು ಎತ್ತಿ ತಟ್ಟಿ ನೋಡಿದರು. ಮೈ ಜುಂ ಎಂದಿತು. “ಮಾಸ್ತರೇ, ಈ ಮಣ್ಣು ಎಲ್ಲಿಯದು?”

ಗ್ವಾಮಕ ಮಾಸ್ತರರು ಅವರನ್ನು ತುಸೆಕಿಲೆ ಅಜ್ಜಿಯ ಹತ್ತಿರ ಕರೆದುಕೊಂಡು ಹೋದರು. ಮಡಕೆ ಮಾಡುವ ಹೆಂಗಸರಲ್ಲಿ ಅವರೇ ಹಿರಿಯರು. ಅವರ ಗುಡಿಸಲಿನ ಹಿಂದೆ, ಸರೋವರಕ್ಕೆ ಇಳಿಯುವ ದಿಬ್ಬದಲ್ಲಿ ಒಂದು ಸಣ್ಣ ಗುಂಡಿ. ಅದರ ಮೇಲೆ ಬಾಳೆಲೆ ಹೊದಿಸಿತ್ತು, ಮಗುವಿಗೆ ಹೊದಿಸಿದ ಹಾಗೆ. ಎಲೆ ಸರಿಸಿದರೆ ಒಳಗೆ ಕಪ್ಪಗೆ, ಬೆಣ್ಣೆಯಂಥ ಮಣ್ಣು. ಹಳ್ಳಿಯ ಹೆಂಗಸರು ಅಲ್ಲಿಗೆ ಗುದ್ದಲಿ ತರುತ್ತಿರಲಿಲ್ಲ. ಒಂದು ಮೊಂಡು ಕೋಲಿನಲ್ಲಿ ಕೆರೆದು, ಒಬ್ಬೊಬ್ಬರು ಒಂದೊಂದು ಬುಟ್ಟಿ ತೆಗೆದು, ಮತ್ತೆ ಎಲೆ ಹೊದಿಸಿ ಹೋಗುವರು. ಯಾಕೆ ಹೀಗೆ ಎಂದು ಎಜ್ರಣ್ಣ ಕೇಳಲಿಲ್ಲ. ಅವರು ಆಗಲೇ ಮಂಡಿಯೂರಿ ಒಂದು ಹಿಡಿ ಮಣ್ಣು ಹಿಸುಕುತ್ತಿದ್ದರು. ಕಣ್ಣಲ್ಲಿ ನೀರು. ದೇವರು ಪ್ರಾರ್ಥನೆ ಕೇಳಿದನಲ್ಲ, ಎಂದು.

ಇಲ್ಲಿಯೇ ನೋಡಿ ಮಕ್ಕಳೇ, ಕಥೆ ಹಾದಿ ತಪ್ಪಿದ್ದು. ಮಣ್ಣು ದೇವರು ತೋರಿಸಿದ್ದು ಎಂದು ಒಮ್ಮೆ ತಲೆಗೆ ಹೋದ ಮೇಲೆ, ಅದು ಬೇರೆಯವರದ್ದೂ ಆಗಿರಬಹುದು ಎಂಬ ಯೋಚನೆಗೆ ಅಲ್ಲಿ ಜಾಗವೇ ಉಳಿಯಲಿಲ್ಲ.

ಆದರೂ ಎಜ್ರಣ್ಣ ಮರ್ಯಾದಸ್ಥರು. ಕೇಳದೆ ಮುಟ್ಟುವವರಲ್ಲ. ಅಲ್ಲಿ ಅಜ್ಜಿಗೆ ‘ಬೀಬಿ’ ಎನ್ನುತ್ತಾರೆ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ಕೇಳಿದರು, “ಬೀಬಿ, ಶಾಲೆಯ ಮಾಡಿಗೆ ಹೆಂಚು ಮಾಡಬೇಕು. ಇಲ್ಲಿಂದ ಮಣ್ಣು ತೆಗೆಯಬಹುದಾ? ಮಕ್ಕಳಿಗಾಗಿ.”

ತುಸೆಕಿಲೆ ಅಜ್ಜಿ ಕೈಯ ಮಣ್ಣು ಒರೆಸಿಕೊಂಡರು. ಅವರ ಮೊಮ್ಮಗಳು ಅಟುಪೆಲೆ ಪಕ್ಕದಲ್ಲಿ ಕೂತು ಒಂದು ಮಡಕೆಯ ಕಂಠ ತೀಡುತ್ತಿದ್ದಳು. ಅವಳೂ ಅದೇ ಶಾಲೆಯ ಹುಡುಗಿ. ಅಜ್ಜಿಗೆ ಉಳಿದಿದ್ದ ಆಸೆ ಒಂದೇ. ಬೆರಳು ಇನ್ನೂ ಮಾತು ಕೇಳುತ್ತಿರುವಾಗಲೇ ಈ ಹುಡುಗಿಗೆ ದೊಡ್ಡ ನೀರಿನ ಮಡಕೆ ಮಾಡಲು ಕಲಿಸಿಬಿಡಬೇಕು. ಅದು ಬಂದವಳಿಗೆ ಆ ಊರಲ್ಲಿ ಯಾರ ಹಂಗೂ ಇಲ್ಲ. ಅಜ್ಜಿ ಮೊಮ್ಮಗಳನ್ನು ನೋಡಿದರು, ಗುಂಡಿಯನ್ನು ನೋಡಿದರು, ಆಮೇಲೆ ಸರೋವರದ ಕಡೆ ಮುಖ ತಿರುಗಿಸಿ ಹೇಳಿದರು, “ತುತಾವೊನ.”

“ಏನಂದರು?” ಎಂದು ಎಜ್ರಣ್ಣ ಕೇಳಿದರು.

“ನೋಡೋಣ ಅಂದರು,” ಎಂದರು ಗ್ವಾಮಕ ಮಾಸ್ತರರು. ಹೇಳುವಾಗ ಅವರ ಕಣ್ಣು ತಮ್ಮ ಚಪ್ಪಲಿಯ ಮೇಲೆಯೇ ಇತ್ತು. ಅವರಿಗೆ ಅಜ್ಜಿಯ ಮಾತಿನ ಅರ್ಥ ಗೊತ್ತಿತ್ತು. ಆದರೆ ಅವರಿಗೂ ಮಾಡು ಬೇಕಿತ್ತು. ಅಲ್ಲದೆ ಅಷ್ಟು ದೂರದಿಂದ ಬಂದ ನೆಂಟರ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳುವುದು?

ಎಜ್ರಣ್ಣ ಸ್ವಲ್ಪ ದಿನ ಬಿಟ್ಟು ಮತ್ತೆ ಹೋದರು. ಅಜ್ಜಿ ಅವರನ್ನು ಕೂರಿಸಿ, ಬೇಯಿಸಿದ ಬಾಳೆಕಾಯಿಯನ್ನೂ ಸರೋವರದ ಮೀನನ್ನೂ ಬಡಿಸಿದರು. ಊಟವಾದ ಮೇಲೆ ಎಜ್ರಣ್ಣ ತಾನು ಕಲಿತಿದ್ದ ನಾಲ್ಕು ಸ್ವಾಹಿಲಿ ಮಾತಿನಲ್ಲಿ ಮೆಲ್ಲಗೆ ವಿಷಯ ತೆಗೆದರು. “ಬೀಬಿ, ಆ ಮಣ್ಣಿನದ್ದು?”

“ತುತಾವೊನ,” ಎಂದರು ಅಜ್ಜಿ. ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಮಡಕೆ. ಕಂಠದ ಸುತ್ತ ಬಿಳಿ ಗೆರೆ ಎಳೆದ, ನುಣುಪಾದ, ಚಂದದ ಮಡಕೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಎಜ್ರಣ್ಣನಿಗೆ ಕೊಟ್ಟರು.

ಎಜ್ರಣ್ಣ ಮಡಕೆಯನ್ನು ಎದೆಗೆ ಅವಚಿಕೊಂಡು ಶಾಲೆಯವರೆಗೂ ಓಡಿದಂತೆಯೇ ನಡೆದರು. “ಮಾಸ್ತರೇ, ಒಪ್ಪಿದರು! ಬೀಬಿ ಒಪ್ಪಿದರು! ಮಡಕೆಯನ್ನೇ ಕೊಟ್ಟು ಕಳಿಸಿದರು!”

ಅಯ್ಯೋ ಎಜ್ರಣ್ಣ! ಹಲಸಿನಹಣ್ಣು ಮಾರಾಯ್ರೆ, ಅದು ಹಲಸಿನಹಣ್ಣು!

ನನಗೆ ಈ ಜಾಗಕ್ಕೆ ಬಂದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಊರಲ್ಲಿ ಯಾರಾದರೂ ಎಜ್ರಣ್ಣನ ಮುಂದೆ ‘ನೋಡುವ’ ಎಂದು ಹಣ್ಣೊಂದನ್ನು ಕೈಗೆ ಇಟ್ಟಿದ್ದರೆ ಅವರಿಗೆ ಅರೆಕ್ಷಣದಲ್ಲಿ ಅರ್ಥ ಆಗುತ್ತಿತ್ತು. ಆ ಭಾಷೆಯಲ್ಲಿ ಅವರಷ್ಟು ಪಳಗಿದವರು ನಮ್ಮ ಜಿಲ್ಲೆಯಲ್ಲೇ ಇರಲಿಲ್ಲ. ಆದರೆ ಇಲ್ಲಿ ಅವರು ಕೊಡಲು ಬಂದವರು. ಹೆಂಚು ಕೊಡಲು, ವಿದ್ಯೆ ಕೊಡಲು, ನೆರಳು ಕೊಡಲು. ತಾನೂ ಒಂದು ವಸ್ತುವನ್ನು ಕೇಳುತ್ತಿದ್ದೇನೆ, ಕೇಳಿದ್ದಕ್ಕೆ ಅವರು ಇಲ್ಲ ಎನ್ನಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ.

ಕೆಲಸ ಶುರುವಾಯಿತು. ಹಳ್ಳಿಯ ಗಂಡಸರು ಗುದ್ದಲಿ ಹಿಡಿದು ಬಂದರು. ಬಾಳೆಲೆ ಸರಿಸಿ ಬದಿಗೆ ಎಸೆದರು. ದಿಬ್ಬದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಅಗೆದರು. ಎಜ್ರಣ್ಣ ಮೊಣಕಾಲವರೆಗೆ ಮಣ್ಣಲ್ಲಿ ಇಳಿದು ತುಳಿದು ತೋರಿಸಿದರು, ಅಚ್ಚಿಗೆ ಒತ್ತಿ ತೋರಿಸಿದರು, ನೆರಳಲ್ಲಿ ಒಣಗಿಸುವುದು ಹೇಗೆ ಎಂದು ತೋರಿಸಿದರು. ಭಟ್ಟಿ ಕಟ್ಟಿಸಿದರು. ಮೊದಲ ಹೆಂಚು ಕೆಂಪಗೆ ಸುಟ್ಟು ಹೊರಗೆ ಬಂದಾಗ ಅದನ್ನು ತಲೆಯ ಮೇಲೆ ಇಟ್ಟುಕೊಂಡು ಕುಣಿದೇಬಿಟ್ಟರು. ಮಕ್ಕಳು ಬಾಬು ಕುಣಿಯುತ್ತಾರೆ ಎಂದು ತಾವೂ ಕುಣಿದರು.

ತುಸೆಕಿಲೆ ಅಜ್ಜಿ ದಿನಾ ಬೆಳಿಗ್ಗೆ ದಿಬ್ಬದ ಮೇಲೆ ಬಂದು ಕೂರುತ್ತಿದ್ದರು. ಅಗೆಯುವುದನ್ನು ನೋಡುತ್ತಿದ್ದರು. ಗಂಡಸರು ಊಟಕ್ಕೆ ಹೋದಾಗ ಇಳಿದು ಬಂದು, ಗುದ್ದಲಿಯಿಂದ ಸಿಡಿದು ಬಿದ್ದ ಹೆಂಟೆಗಳನ್ನು ಆರಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು.

“ಪಾಪ, ಎಷ್ಟು ಆಸಕ್ತಿ ನೋಡಿ,” ಎಂದರು ಎಜ್ರಣ್ಣ. “ನೋಡೋಣ ಅಂದಿದ್ದರಲ್ಲ, ನೋಡಲು ಬರುತ್ತಿದ್ದಾರೆ.” ಅಜ್ಜಿಗೆ ನೆಲದ ಮೇಲೆ ಕೂತು ಸೊಂಟ ನೋವಾದೀತು ಎಂದು ಶಾಲೆಯಿಂದ ಒಂದು ಕುರ್ಚಿಯನ್ನೂ ಕಳಿಸಿಕೊಟ್ಟರು. ಅಜ್ಜಿ ಕುರ್ಚಿಯನ್ನು ಪಕ್ಕಕ್ಕೆ ಇಟ್ಟು ನೆಲದ ಮೇಲೆಯೇ ಕೂತರು.

ಮಾಡು ಎದ್ದಿತು. ಮರದ ಪಕ್ಕಾಸು, ಅದಕ್ಕೆ ಅಡ್ಡ ರೀಪು, ಅದರ ಮೇಲೆ ಸಾಲು ಸಾಲು ಕೆಂಪು ಹೆಂಚು. ಲುಪೊಂಡೆಯಲ್ಲಿ ಅಂಥ ಮಾಡು ಅದೇ ಮೊದಲು. ಪ್ರಾರ್ಥನೆ ಮಾಡಿ ಶಾಲೆ ತೆರೆದ ಪ್ರತಿಷ್ಠೆಯ ದಿನ ದೂರದ ಹಳ್ಳಿಗಳಿಂದಲೂ ಜನ ಬಂದರು. ಮೊದಲ ಮಳೆ ಬಂದಾಗ ಮಕ್ಕಳೆಲ್ಲ ಪಾಠ ಬಿಟ್ಟು ತಲೆ ಎತ್ತಿ ಕೂತರಂತೆ. ಒಂದು ಹನಿ ಒಳಗೆ ಬರಲಿಲ್ಲ. ಮಾಸ್ತರರ ಮಾತು ಕೊನೆಯ ಬೆಂಚಿಗೂ ಕೇಳಿತು. ಸುಳ್ಳು ಹೇಳಬಾರದು ಮಕ್ಕಳೇ, ಅದು ನಿಜಕ್ಕೂ ಒಳ್ಳೆಯ ಮಾಡು.

ಆದರೆ ಅದೇ ಮಳೆ ದಿಬ್ಬಕ್ಕೂ ಬಂತಲ್ಲ. ಒಳ್ಳೆಯ ಮಣ್ಣು ಅಲ್ಲಿ ಇದ್ದದ್ದು ಒಂದು ಪದರ ಮಾತ್ರ. ಅದರ ಕೆಳಗೆ ಎಲ್ಲ ಮರಳು. ಪದರ ಹೋದ ಮೇಲೆ ಮರಳು ಸಡಿಲವಾಗಿ ದಿಬ್ಬ ಕುಸಿಯಿತು. ಸರೋವರದ ನೀರು ಒಳಗೆ ನುಗ್ಗಿ ಗುಂಡಿ ಕೆರೆಯಂತಾಯಿತು. ನೀರು ಇಳಿದಾಗ ಉಳಿದದ್ದು ಮರಳು ಬೆರೆತ ಕೆಸರು.

ಎಜ್ರಣ್ಣ ಆಗ ಅಲ್ಲಿರಲಿಲ್ಲ. ಇನ್ನೊಂದು ಹಳ್ಳಿಯ ಮಿಶನ್ ಆಸ್ಪತ್ರೆಗೆ ಮಾಡು ಹಾಕಿಸಲು ಹೋಗಿದ್ದರು. ಅಲ್ಲಿ ಯಾರೂ ಮಡಕೆ ಮಾಡುವವರು ಇರಲಿಲ್ಲ, ಮಣ್ಣು ಧಾರಾಳ ಇತ್ತು, ಕೆಲಸ ಚೆನ್ನಾಗಿಯೇ ಆಯಿತು. ಅಲ್ಲಿದ್ದಾಗ ಜನರೊಡನೆ ಬೆರೆತು ಸ್ವಾಹಿಲಿಯನ್ನೂ ಸರಾಗವಾಗಿ ಕಲಿತರು. ಊರಿಗೆ ಮರಳುವ ಮೊದಲು ಲುಪೊಂಡೆಯವರಿಗೆ ಹೇಳಿ ಹೋಗೋಣ ಎಂದು ಬಂದರು.

ಬಂದವರಿಗೆ ಏನೋ ಕೊರತೆ ಅನಿಸಿತು. ಮನೆಗಳ ಮುಂದೆ ಮಡಕೆಗಳಿರಲಿಲ್ಲ. ಹಸಿರು, ನೀಲಿ ಪ್ಲಾಸ್ಟಿಕ್ ಕೊಡಗಳಿದ್ದವು. ದಡದಲ್ಲಿ ದೋಣಿಗಳು ಖಾಲಿ ಬಿದ್ದಿದ್ದವು. ತುಸೆಕಿಲೆ ಅಜ್ಜಿಯ ಅಂಗಳದಲ್ಲಿ ಒಡೆದ ಮಡಕೆಗಳ ರಾಶಿ. ಎಲ್ಲವೂ ಸುಡುವಾಗಲೇ ಸೀಳಿದವು. ಅಟುಪೆಲೆ ಆ ರಾಶಿಯ ಪಕ್ಕದಲ್ಲಿ ಕೂತು ಶಾಲೆಯ ಪಾಠ ಓದುತ್ತಿದ್ದಳು. ಅಜ್ಜಿ ಒಳಗೆ ಮಲಗಿದ್ದರು.

ಎಜ್ರಣ್ಣ ಒಂದು ಚೂರನ್ನು ಎತ್ತಿ ಬೆರಳಲ್ಲಿ ಉಜ್ಜಿದರು. ಮೇಸ್ತ್ರಿಯಲ್ಲವೇ, ತಕ್ಷಣ ತಿಳಿಯಿತು. “ಮಗಳೇ, ಇದರಲ್ಲಿ ತುಂಬ ಮರಳುಂಟಲ್ಲ. ಇದು ಬೆಂಕಿಗೆ ನಿಲ್ಲುವುದಿಲ್ಲ. ಒಳ್ಳೆಯ ಮಣ್ಣು ಯಾಕೆ ಹಾಕಲಿಲ್ಲ?”

ಅಟುಪೆಲೆ ಪುಸ್ತಕದಿಂದ ತಲೆ ಎತ್ತಿದಳು. ಅವಳ ಮಾತಲ್ಲಿ ಕೋಪ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ.

“ಒಳ್ಳೆಯ ಮಣ್ಣು ಶಾಲೆಯ ಮೇಲಿದೆ ಬಾಬು.”

ಎಜ್ರಣ್ಣ ತಿರುಗಿ ನೋಡಿದರು. ಬಾಳೆತೋಟದ ಆಚೆ ಶಾಲೆಯ ಕೆಂಪು ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ಆಮೇಲೆ ದಿಬ್ಬ ಇದ್ದ ಕಡೆ ನೋಡಿದರು. ಅಲ್ಲಿ ನೀರು ನಿಂತಿತ್ತು.

“ಆದರೆ… ಆದರೆ ಬೀಬಿ ಬೇಡ ಅನ್ನಲಿಲ್ಲವಲ್ಲ ಮಗಳೇ! ಒಂದು ಮಾತು ಬೇಡ ಅಂದಿದ್ದರೆ ನಾನು ಮುಟ್ಟುತ್ತಿದ್ದೆನಾ?”

ಹುಡುಗಿಗೆ ಆಶ್ಚರ್ಯವಾಯಿತು. “ಅಂದರಲ್ಲ ಬಾಬು! ತುತಾವೊನ ಅಂದರು. ಎರಡು ಸಲ ಅಂದರು. ಮನಸ್ಸಿಗೆ ನೋವಾಗದಿರಲಿ ಎಂದು ಮಡಕೆಯನ್ನೂ ಕೊಟ್ಟರಲ್ಲ.”

ಎಜ್ರಣ್ಣ ಅಲ್ಲಿಯೇ ಕೂತುಬಿಟ್ಟರು. ನೋಡುವ. ಹಲಸಿನಹಣ್ಣು. ಪಕ್ಕದ ಮನೆಯ ಲಾರೆನ್ಸರು ಹಣ್ಣು ಹೊತ್ತುಕೊಂಡು ಗೇಟು ದಾಟಿದ್ದು, ಮತ್ತೆಂದೂ ಆ ಮಾತು ಎತ್ತದೆ ಇದ್ದದ್ದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಲಾರೆನ್ಸರಿಗೆ ಇದ್ದ ಬುದ್ಧಿ ನನಗಿರಲಿಲ್ಲವಲ್ಲ, ಎಂದು ಹಣೆ ಬಡಿದುಕೊಂಡರು. ಅಷ್ಟು ನಾಚಿಕೆ ಅವರಿಗೆ ಜೀವಮಾನದಲ್ಲಿ ಆಗಿರಲಿಲ್ಲ.

ಅವರು ಸುಮ್ಮನೆ ಕೂರುವವರಲ್ಲ. ಸರೋವರದ ದಡದುದ್ದಕ್ಕೂ ನಡೆದು ಅಲ್ಲಲ್ಲಿ ಅಗೆದು ನೋಡಿದರು. ಎಲ್ಲಿ ನೋಡಿದರೂ ಮರಳು, ಇಲ್ಲವಾದರೆ ಕಲ್ಲು. ಗ್ವಾಮಕ ಮಾಸ್ತರರೂ ಜೊತೆಗೆ ಬಂದರು. “ನಾನು ಅವತ್ತೇ ಬಿಡಿಸಿ ಹೇಳಬೇಕಿತ್ತು,” ಎಂದರು. ಎಜ್ರಣ್ಣ ತಲೆ ಅಲ್ಲಾಡಿಸಿದರು. “ನೀವು ಬಿಡಿಸಿ ಹೇಳುವುದು ಬೇಕಿರಲಿಲ್ಲ ಮಾಸ್ತರೇ. ಅದು ನನ್ನ ಮನೆಯ ಮಾತು.”

ಮಾಡಿನ ಹೆಂಚನ್ನೆಲ್ಲ ಇಳಿಸಿ ಪುಡಿ ಮಾಡಿ ಕೊಟ್ಟರೆ ಹೇಗೆ ಎಂದೂ ಒಮ್ಮೆ ತಲೆಗೆ ಬಂತು. ಬಂದ ಕೂಡಲೇ ಹೋಯಿತು. ಬೆಂಕಿಯಲ್ಲಿ ಬೆಂದ ಮಣ್ಣನ್ನು ಎಷ್ಟು ಅರೆದರೂ, ಎಷ್ಟು ನೀರು ಹಾಕಿ ತುಳಿದರೂ ಅದು ಮತ್ತೆ ಹಸಿ ಮಣ್ಣು ಆಗುವುದಿಲ್ಲ. ಇದನ್ನು ಜೀವಮಾನವೆಲ್ಲ ಭಟ್ಟಿಯ ಮುಂದೆ ನಿಂತವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಎಜ್ರಣ್ಣ ಅಜ್ಜಿಯ ಮನೆಗೆ ಹೋದರು. ಅಜ್ಜಿ ಬಾಗಿಲಲ್ಲಿ ಕೂತಿದ್ದರು. ಕೈಯಲ್ಲಿ ಕೆಲಸವಿಲ್ಲದೆ ಬೆರಳುಗಳನ್ನು ಒಂದರೊಳಗೊಂದು ಸೇರಿಸಿಕೊಂಡಿದ್ದರು. ಎಜ್ರಣ್ಣ ಅವರ ಮುಂದೆ ನೆಲದ ಮೇಲೆ ಕೂತು, ಅಂದು ಅವರು ಕೊಟ್ಟ ಮಡಕೆಯನ್ನು ಅವರ ಕಾಲಿನ ಹತ್ತಿರ ಇಟ್ಟರು.

“ಬೀಬಿ, ಇದು ಆ ಮಣ್ಣಿನ ಮಡಕೆ. ಇದು ನಿಮ್ಮ ಹತ್ತಿರವೇ ಇರಲಿ. ನಾನು ನಿಮಗೆ ದೊಡ್ಡ ಅನ್ಯಾಯ ಮಾಡಿದೆ. ನೀವು ಬೇಡ ಅಂದದ್ದು ನನಗೆ ಕೇಳಿಸಲಿಲ್ಲ. ನನ್ನನ್ನು ಕ್ಷಮಿಸುತ್ತೀರಾ?”

ತುಸೆಕಿಲೆ ಅಜ್ಜಿ ಮಡಕೆಯನ್ನು ಎತ್ತಿಕೊಂಡರು. ಅದರ ಕಂಠದ ಸುತ್ತ ಬೆರಳು ಆಡಿಸಿದರು, ತಾವೇ ಎಳೆದ ಬಿಳಿ ಗೆರೆಯ ಮೇಲೆ. ಮೊಮ್ಮಗಳನ್ನು ನೋಡಿದರು. ಆಮೇಲೆ ಸರೋವರದ ಕಡೆ ಮುಖ ತಿರುಗಿಸಿದರು.

“ತುತಾವೊನ,” ಎಂದರು.

ಎಂದವರು ಆ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಎಜ್ರಣ್ಣನ ಕೈಯಲ್ಲಿಯೇ ಇಟ್ಟರು.

ಈ ಸಲ ಎಜ್ರಣ್ಣನಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ತಲೆ ಬಾಗಿಸಿ ಮಡಕೆಯನ್ನು ತೆಗೆದುಕೊಂಡರು. ಇನ್ನೊಮ್ಮೆ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಬೆಳೆಹಬ್ಬ ಬಂತು. ದೇವಾಲಯದ ಗೋಡೆಯ ಮೇಲೆ ಲುಪೊಂಡೆಯ ಶಾಲೆಯ ದೊಡ್ಡ ಫೋಟೊ ಹಾಕಿದ್ದರು. ಕೆಂಪು ಮಾಡು, ಅದರ ಕೆಳಗೆ ನಗುವ ಮಕ್ಕಳು. ಜನ ಚಪ್ಪಾಳೆ ತಟ್ಟಿದರು. ಅಜ್ಜಿಯಂದಿರು ಎಜ್ರಣ್ಣನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಏಲಂ ಶುರುವಾಗುವ ಮೊದಲು ಅಯ್ಯನವರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

“ಎಜ್ರಣ್ಣ, ನಿಮ್ಮ ಮನೆಯಲ್ಲಿ ಒಂದು ಆಫ್ರಿಕಾದ ಮಡಕೆ ಉಂಟಂತಲ್ಲ. ಅದನ್ನು ಈ ಸಲ ಏಲಂಗೆ ಕೊಡಿ. ಸರೋವರದ ದಡದಲ್ಲಿ ಇನ್ನೊಂದು ಹಳ್ಳಿಯವರದೂ ಮಡಕೆ ಮಾಡುವ ಕಸುಬಂತೆ, ಮಣ್ಣು ಬಹಳ ಚೆನ್ನಾಗಿ ಉಂಟಂತೆ. ಬರುವ ವರ್ಷ ಅವರಿಗೂ ಒಂದು ಮಾಡು ಆದೀತು.”

ವಿನೋದಿನಿ ಬಾಯಿ ಪಕ್ಕದಲ್ಲಿಯೇ ನಿಂತಿದ್ದರು. ಇನ್ನೇನು ಗಂಡ ತಲೆ ಕೆರೆದುಕೊಂಡು ‘ನೋಡುವ’ ಎನ್ನುತ್ತಾರೆ, ಹಿತ್ತಲ ಹಣ್ಣೊಂದು ಅಯ್ಯನವರ ಮನೆಗೆ ಹೋಗುತ್ತದೆ ಎಂದು ಅವರು ನಗಲು ತಯಾರಾಗಿದ್ದರು.

“ಇಲ್ಲ ಅಯ್ಯನವರೇ,” ಎಂದರು ಎಜ್ರಣ್ಣ. ಗಟ್ಟಿಯಾಗಿಯೇ ಎಂದರು. ಕುಂಬಳಕಾಯಿ ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು. “ಮಡಕೆ ಕೊಡುವುದಿಲ್ಲ. ಆ ಹಳ್ಳಿಗೂ ಹೋಗುವುದಿಲ್ಲ. ನೀವು ಬೇರೆಯವರನ್ನು ಕಳಿಸಿದರೂ ನಾನು ಅಡ್ಡ ನಿಲ್ಲುತ್ತೇನೆ.”

“ಯಾಕೆ ಎಜ್ರಣ್ಣ? ಎಂತ ಆಯಿತು? ಎಷ್ಟು ಒಳ್ಳೆಯ ಕೆಲಸ ಮಾಡಿದ್ದೀರಿ!”

ಎಜ್ರಣ್ಣ ಗೋಡೆಯ ಮೇಲಿನ ಫೋಟೊ ನೋಡಿದರು. “ಆ ಮಣ್ಣಿನ ಅಜ್ಜಿ ನನಗೆ ಬೇಡ ಅಂದಿದ್ದರು ಅಯ್ಯನವರೇ. ನಾನು ಊರಲ್ಲಿ ಹೇಳುವ ಹಾಗೆಯೇ ಹೇಳಿದ್ದರು. ಆ ಮಾತು ನನಗೆ ಬರುತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು.”

ಅಷ್ಟು ಹೇಳಿ ಅವರು ಮನೆಗೆ ಹೊರಟರು. ಆ ವರ್ಷ ಏಲಂನಲ್ಲಿ ಯಾರೂ ಹೆಚ್ಚು ಕೂಗಲಿಲ್ಲ.

ಲುಪೊಂಡೆಯ ಶಾಲೆಯ ಮಾಡು ಇವತ್ತಿಗೂ ಸೋರುವುದಿಲ್ಲವಂತೆ. ಅಟುಪೆಲೆ ಅದರ ಕೆಳಗೆ ಓದಿ ಮುಂದಿನ ತರಗತಿಗೆ ಹೋದಳಂತೆ. ದೊಡ್ಡ ನೀರಿನ ಮಡಕೆ ಮಾಡಲು ಮಾತ್ರ ಅವಳಿಗೆ ಬರಲಿಲ್ಲ. ಕಲಿಸುವ ಅಜ್ಜಿ ಹೋದರು. ಕಲಿಯಲು ಮಣ್ಣೂ ಇರಲಿಲ್ಲ. ಎಜ್ರಣ್ಣನ ಮನೆಯ ಜಗಲಿಯಲ್ಲಿ ಆ ಮಡಕೆ ಈಗಲೂ ಇದೆ. ಅದರಲ್ಲಿ ಅವರು ನೀರು ತುಂಬಿಸುವುದಿಲ್ಲ, ಹೂವಿಡುವುದಿಲ್ಲ. ಯಾರಾದರೂ ಚಂದ ಉಂಟು ಎಂದರೆ, “ಹೌದು, ಬೇಡ ಅಂದು ಕೊಟ್ಟದ್ದು,” ಎನ್ನುತ್ತಾರೆ.

ನೀತಿ: ಮಕ್ಕಳೇ, ಒಳ್ಳೆಯದು ಮಾಡಲು ಹೊರಟವರು ಮೊದಲು ‘ಬೇಡ’ ಎಂಬ ಮಾತನ್ನು ಕೇಳಿಸಿಕೊಳ್ಳಲು ಕಲಿಯಬೇಕು. ಮರ್ಯಾದೆ ಇರುವವರು ಅದನ್ನು ಮೆಲ್ಲಗೆ ಹೇಳುತ್ತಾರೆ, ನಮ್ಮ ಹಾಗೆಯೇ. ನಾವು ಹೇಳಿದಾಗ ಊರಿಗೆಲ್ಲ ಅರ್ಥವಾಗುವ ಮಾತು, ನಾವು ಸಹಾಯ ಮಾಡುವವರ ಬಾಯಿಂದ ಬಂದಾಗ ನಮಗೆ ಅರ್ಥವಾಗದಿದ್ದರೆ, ಆ ಸಹಾಯವನ್ನು ಅಲ್ಲಿಗೇ ನಿಲ್ಲಿಸಿ ಮತ್ತೊಮ್ಮೆ ಕೇಳಬೇಕು. ಮಣ್ಣು ಹಸಿಯಾಗಿರುವಾಗಲೇ ಕೇಳಬೇಕು.